ಮೋಡರಿ

ಅಧ್ಯಕ್ಷರೇ, ಬಿಸಿಲು ದಾಟಿ ಆಳಂದಕ್ಕೆ ಬಂದ ಅತಿಥಿಗಳೇ, ಊಟದ ವಾಸನೆ ಬಂದರೂ ಕದಲದೆ ಕುಳಿತ ಸಭಿಕರೇ, ಇಂದು ನಿವೃತ್ತರಾಗುತ್ತಿರುವ ಕಂಪ್ಯೂಟರ್ ವಿಭಾಗದ ಭುವನೇಶ್ವರಿ ಮೇಡಂ ಅವರೇ,

ಅಫಜಲಪುರ ಕಾಲೇಜಿನ ಈ ಕಲ್ಲಿನಾಥನಿಗೆ ವೇದಿಕೆ ಹೊಸತಲ್ಲ. ನಾನೂ ಮೇಡಂ ಅವರೂ ಸೇರಿ ಒಂದು ವೇದಿಕೆಯನ್ನೇ ಕಟ್ಟಿದವರು. ಅದಕ್ಕೆ ಕಂಬವಿಲ್ಲ, ಶಾಮಿಯಾನವಿಲ್ಲ, ಹೆಸರು ಕ್ಲೌಡ್. ಆಳಂದ, ಅಫಜಲಪುರ, ಜೇವರ್ಗಿ, ಹೀಗೆ ನಮ್ಮ ಸಂಸ್ಥೆಯ ಮೂರೂ ಕಾಲೇಜುಗಳ ಕಂಪ್ಯೂಟರ್ ಸೇವೆಗಳನ್ನು ಒಂದೇ ಕಡೆಯಿಂದ ನಡೆಸುವ ಓಪನ್ ಸೋರ್ಸ್ ತಂತ್ರಾಂಶ. ಓಪನ್ ಸೋರ್ಸ್ ಎಂದರೇನು? ದಾಸೋಹ. ಯಾರು ಬೇಕಾದರೂ ಬರಬಹುದು, ಉಣ್ಣಬಹುದು. ಬಡಿಸುವುದು, ಎಲೆ ಎತ್ತುವುದು ಮಾತ್ರ ನಮ್ಮದೇ ಕೆಲಸ.

ಬಡಿಸಲು ಬರುತ್ತಿದ್ದುದು ಮೇಡಂ ಒಬ್ಬರಿಗೇ. ಅವರು ಇಲ್ಲಿಂದ ಫೋನಿನಲ್ಲಿ ಹೇಳುವುದು, ನಾನು ಅಲ್ಲಿ ಸರ್ವರಿನ ಮುಂದೆ ಕುಳಿತು ಟೈಪ್ ಮಾಡುವುದು. ಕೊನೆಗೆ ಪರದೆ ಹೆಸರು ಕೇಳಿತು.

"ಏನಂತ ಇಡೂಣ್ರಿ?" ಎಂದೆ.

"ಮೋಡ ರೀ" ಎಂದರು.

ನಾನು ಮರ್ಯಾದಸ್ಥ. "ಮೋಡರಿ" ಎಂದೇ ಒತ್ತಿದೆ. ಒಮ್ಮೆ ಇಟ್ಟ ಹೆಸರು ಬದಲಿಸಬೇಕಾದರೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟಬೇಕು. ಹೀಗೆ, ಬಹುವಚನದಲ್ಲಿ ಕರೆಸಿಕೊಳ್ಳುವ ಜಗತ್ತಿನ ಏಕೈಕ ಮೋಡ ನಮ್ಮದಾಯಿತು.

"ನಿಮಗ ಮಾತಾಡಾಕ ಬರ್ತದ, ಕೇಳಾಕ ಬರಂಗಿಲ್ರಿ" ಎಂದು ಅವರು ನಕ್ಕರು. ಲೈನು ಕೆಟ್ಟಿತ್ತು, ನಗು ಮಾತ್ರ ಪೂರ್ತಿ ಕೇಳಿಸಿತು. ಆಮೇಲೆ ಸರ್ವರು ನಿಂತರೆ ಫೋನು. ನಿಲ್ಲದಿದ್ದರೆ, ಏಕೆ ನಿಂತಿಲ್ಲವೆಂದು ಕೇಳಲು ಫೋನು. ಅಫಜಲಪುರದ ಸರ್ವರಿಗೆ ಪ್ರತಿ ಶುಕ್ರವಾರ ಜ್ವರ ಬರುತ್ತದೆ ಎಂದು ಜೇವರ್ಗಿ ಕಾಲೇಜಿನ ಅಜಯಕುಮಾರರು ಊರೆಲ್ಲ ಹೇಳಿದರು. ಯಂತ್ರವಲ್ಲವೇ, ಬರುತ್ತದೆ. ಮೇಡಂ ಅವರ ಮನೆಯಲ್ಲಾಗಲಿ ನನ್ನ ಮನೆಯಲ್ಲಾಗಲಿ, ಇಷ್ಟು ಹೊತ್ತು ಯಾರ ಜೊತೆ ಮಾತು ಎಂದು ಕೇಳುವವರೂ ಇರಲಿಲ್ಲ... ಇರಲಿ, ಅದು ವಿಷಯಾಂತರ.

ವಿಷಯವೆಂದರೆ, ನಾಳೆ ಹೊಸ ಆವೃತ್ತಿ ಹಾಕುತ್ತೇವೆ. ಎಲ್ಲವೂ ಮೊದಲಿನಿಂದ. ಹೆಸರು ತಿದ್ದಬಹುದು. ಆದರೆ ನಾಳೆಯಿಂದ ಮೇಡಂ ಇಲ್ಲ. ಇನ್ನು ಯಾವ ನೆಪಕ್ಕೆ, ಕ್ಷಮಿಸಿ, ಯಾವ ಸಮಸ್ಯೆಗೆ ಫೋನು ಮಾಡಲಿ? ಇಂದು ಬೆಳಿಗ್ಗೆ ಫೋನಿನಲ್ಲೇ ಧೈರ್ಯ ಮಾಡಿ ಕೇಳಿದೆ: "ಮೇಡಂ, ಆ 'ರಿ' ಇರ್ಲೇನ್ರಿ?"



"ಸಾಕು, ಕಲ್ಲಿನಾಥ. ಇನ್ನ ಆ 'ರಿ' ತೆಗಿ."

'ತೆಗೀರಿ' ಎನ್ನಲಿಲ್ಲ, ಸಭಿಕರೇ. 'ತೆಗಿ' ಎಂದರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಮೋಡದಿಂದ ತೆಗೆಯುತ್ತೇನೆ. ನನ್ನ ಮಾತಿನಿಂದಲೂ ತೆಗೆಯಲು ಕಲಿಯುತ್ತೇನೆ. ಭುವನೇಶ್ವರಿ ಎಂಬ ಹೆಸರಿನಲ್ಲಿ ಮಾತ್ರ ಅದು ಇರಲೇಬೇಕು.

ಸರ್ವರಿಗೂ, ಆ ಅಫಜಲಪುರದ ಸರ್ವರಿಗೂ, ವಂದನೆಗಳು. ಭುವನೇಶ್ವರಿ, ನಾಳೆ ಫೋನ್ ಮಾಡ್ತೇನಿ, ಎತ್ತು.

ಉಳಿದವರಿಗೆಲ್ಲ, ನಮಸ್ಕಾರ್ರಿ.