ಕೆಳಗಿಂದ ಶುರುವಾದ ಚರಂಡಿ

...ಅಲ್ಲ ಪುಟ್ಟಿ, ಹೊಳೆ ನೀರಲ್ಲ. ಹೊಳೆ ಬಂದಿದ್ರೆ ಹೊಳೆಗೆ ಬೈದು ಸುಮ್ಮನಾಗ್ಬಹುದಿತ್ತು. ನಿಮ್ಮಜ್ಜಿ, ಅಂದ್ರೆ ನಮ್ಮಕ್ಕನ ಅಡುಗೆಮನೆಗೆ ನುಗ್ಗಿದ್ದು ನಮ್ಮ ಕೇರಿದೇ ನೀರು, ಮೇಲಿನ ಮನೆಗಳ ಅಂಗಳದ್ದು. ಸಾಲಾಗಿ ಮೂರು ಮಳೆಗಾಲ ಬಂತು. ಮೂರಲ್ಲ, ಮೊದಲನೇ ಸಲ ಹೊಸಲು ಮುಟ್ಟಿ ವಾಪಸ್ ಹೋಗಿತ್ತು, ಎರಡು ಅಂತಿಟ್ಕೊಳ್ಳಿ. ನಾನು ಆವಾಗ ಮನೇಲಿ ಇರ್ತಿದ್ದಿದ್ದೇ ಅಪರೂಪ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಕಾಲು ಒಂದು ಕಡೆ ನಿಂತಿದ್ದೇ ಇಲ್ಲ. ಮಲ್ಲಂದೂರು ಕಡೆ ಎಸ್ಟೇಟಲ್ಲಿ ಗುಂಡಿ ತೆಗೆದೆ, ಬಾಬಾಬುಡನ್‌ಗಿರಿಗೆ ಜೀಪ್ ಓಡಿಸಿದೆ, ಕಳಸದ ಹೋಟ್ಲಲ್ಲಿ ದೋಸೆ ಹುಯ್ದೆ, ಆಮೇಲೆ ಗಾರೆ ಕೆಲಸ ಕಲ್ತೆ. ಮದುವೆ ಗಿದುವೆ ಆಗ್ಲಿಲ್ಲ. ಆದ್ರೆ ಎಲ್ಲಿ ಸುತ್ತಿದ್ರೂ ಆಧಾರ್ ಕಾರ್ಡಲ್ಲಿ ಇದ್ದಿದ್ದು ಅಕ್ಕನ ಮನೆ, ಅಂದ್ರೆ ಇದೇ ಮನೆ. ನಿನ್ನ ಮನೆ ಎಲ್ಲೋ ಅಂತ ಯಾರಾದ್ರೂ ಕೇಳಿದ್ರೆ, ಕೇರಿಯ ಕಟ್ಟಕಡೆದು, ಇಳಿಜಾರು ಮುಗಿಯೋ ಕಡೆ, ಅಂತಿದ್ದೆ.

ಎರಡನೇ ಸಲ ನೀರು ಒಳಗೆ ಬಂದಾಗ ನಾನು ಬಸ್ಸಿಳಿದು ಬರೋಷ್ಟರಲ್ಲಿ ಗ್ಯಾಸ್ ಒಲೆ ಮಂಚದ ಮೇಲಿತ್ತು, ಒಲೆ ಪಕ್ಕ ಅಕ್ಕ ಕೂತಿದ್ಳು. ಅಳ್ತಿರ್ಲಿಲ್ಲ. ಅತ್ತಿದ್ರೆ ಸಮಾಧಾನ ಮಾಡ್ಬಹುದಿತ್ತು. ಇನ್ನೊಂದು ಮಳೆಗಾಲ ಇಲ್ಲಿ ಕಳೆಯಲ್ಲ, ಮೂಡಿಗೆರೇಲಿ ಒಂದು ರೂಮು ನೋಡಿಟ್ಟಿದ್ದೀನಿ, ಯುಗಾದಿ ಆದ್ಮೇಲೆ ಈ ಮನೆ ಮಾರಿ ಹೋಗ್ತೀನಿ ಅಂದ್ಳು. ಒಂದೇ ರೂಮಾ, ಹಂಗಾದ್ರೆ ನಾನೆಲ್ಲಿ ಮಲಗ್ಲಿ ಅಂತ ಕೇಳ್ದೆ. "ನೀನು ಯಾವತ್ತು ಮನೇಲಿ ಮಲಗಿದ್ದೀಯ ಮಾರಾಯ" ಅಂದ್ಳು. ತಮಾಷೆಗೇ ಅಂದಿದ್ದು, ಆದ್ರೆ ನಂಗೆ ತಮಾಷೆ ಅನ್ನಿಸ್ಲಿಲ್ಲ. ಸುತ್ತೋನಿಗೆ ವಾಪಸ್ ಬರೋಕೆ ಒಂದು ಬಾಗಿಲು ಇದ್ರೆ ತಾನೆ ಸುತ್ತೋದು.

ಮಾರನೇ ದಿನ ಮಳೇಲೇ ಕೇರಿ ಹತ್ತಿ ಮೇಲಕ್ಕೆ ಹೋದೆ, ನೀರು ಎಲ್ಲಿಂದ ಬರ್ತದೆ ನೋಡೋಣ ಅಂತ. ಮುಂಚೆ ಏನಾಗಿತ್ತು ಗೊತ್ತಾ, ಎಲ್ಲರ ಮನೆ ಮುಂದೆನೂ ಮಣ್ಣಿನ ಕಣ ಇತ್ತು, ಕಾಫಿ ಒಣಗಿಸೋಕೆ ಸಗಣಿ ಸಾರಿಸ್ತಿದ್ರು, ಮಳೆ ಬಂದ್ರೆ ಅರ್ಧ ನೀರು ಮಣ್ಣೇ ಕುಡೀತಿತ್ತು. ಆಮೇಲೆ ಒಬ್ಬರನ್ನ ನೋಡಿ ಒಬ್ಬರು ಸಿಮೆಂಟ್ ಕಣ ಮಾಡಿಸಿದ್ರು. ಮಾಡಿಸಿದ್ರು ಸರಿ, ಮಾಡಿದವನು ಯಾರು? ಇದೇ ಕೈ. ಕಣದಲ್ಲಿ ನೀರು ನಿಲ್ಲಬಾರ್ದು ಅಂತ ಒಂದೊಂದಕ್ಕೂ ರಸ್ತೆ ಕಡೆಗೇ ಇಳಿಜಾರು ಕೊಟ್ಟಿದ್ದೆ. ಎಷ್ಟು ಚೆನ್ನಾಗಿ ಕೊಟ್ಟಿದ್ದೀಯಪ್ಪ ಅಂತ ಹೊಗಳಿಸ್ಕೊಂಡಿದ್ದೆ ಬೇರೆ. ಅವತ್ತು ನಿಂತು ನೋಡ್ತೀನಿ, ಹನ್ನೊಂದು ಕಣದ ನೀರು ರಸ್ತೆಗೆ ಬಿದ್ದು, ಎಲ್ಲಾ ಸೇರಿ ಸೀದಾ ಅಕ್ಕನ ಹಿತ್ತಲಿಗೆ. ಕೊಡೆ ಇತ್ತು, ಬಿಚ್ಚೋಕೂ ನೆನಪಾಗ್ಲಿಲ್ಲ. ಯಾರಿಗೂ ಹೇಳ್ಲಿಲ್ಲ, ಅಕ್ಕನಿಗೂ.

ಆ ಚಳಿಗಾಲ ನಮ್ಮ ಕೇರಿ ಚರಂಡಿಗೆ ಅಂತ ಪಂಚಾಯ್ತಿಗೆ ದುಡ್ಡು ಮಂಜೂರಾಯ್ತು. ಅದಕ್ಕೆ ಆಫೀಸಿಂದ ಆಫೀಸಿಗೆ ಓಡಾಡಿದ್ದು ಮೇಲಿನ ಮನೆ ಶೇಷಪ್ಪನೋರು. ಎಸ್ಟೇಟಲ್ಲಿ ರೈಟರ್ ಆಗಿದ್ದೋರು. ರೈಟರ್ ಅಂದ್ರೆ ಕತೆ ಬರೆಯೋರಲ್ಲ ಮತ್ತೆ, ಕೆಲಸದವರ ಹಾಜರಿ ಬರೆಯೋರು. ಆದ್ರೆ ಬಂದ ದುಡ್ಡು ಅರ್ಧ ಕೇರಿಗೆ ಮಾತ್ರ ಸಾಕಾಗ್ತಿತ್ತು. ಗ್ರಾಮಸಭೇಲಿ ಇಂಜಿನಿಯರಮ್ಮ ನಕ್ಷೆ ಬಿಡಿಸಿಟ್ರು: ಈ ವರ್ಷ ಮೇಲಿನ ಅರ್ಧ, ದುಡ್ಡು ಬಂದ ಮೇಲೆ ಕೆಳಗಿನ ಅರ್ಧ. ಎಲ್ಲರೂ ತಲೆ ಆಡಿಸಿದ್ರು. ಹೆಂಗಸರ ಕಡೆ ಅಕ್ಕ ಸೆರಗಿನ ತುದಿ ಸುತ್ತುತಾ ಕೂತಿದ್ಳು. ನಾನು ಎದ್ದು ನಿಂತೆ. ಈಗ ನೀರು ನಮ್ಮನೆಗೆ ನಡ್ಕೊಂಡು ಬರ್ತಿದೆ, ನೀವು ಮೇಲಿಂದ ಚರಂಡಿ ಕಟ್ಟಿದ್ರೆ ಓಡ್ಕೊಂಡು ಬರ್ತದೆ ಅಂದೆ. ನಕ್ರು. ಶೇಷಪ್ಪನೋರು, ಇಂಜಿನಿಯರ್ ನಕ್ಷೆ ತಿದ್ದೋಕೆ ನೀನು ಎಷ್ಟು ಓದಿದ್ದೀಯ ಅಂದ್ರು. ನಾಲ್ಕು, ಅದೂ ಪೂರ್ತಿ ಅಲ್ಲ ಅಂದೆ. ಆಮೇಲೆ ಕೇಳ್ದೆ, "ಮಳೆಗೆ ಮುಂಚೆ ತೋಟದ ಚರಂಡಿ ತೆಗೆಯೋಕೆ ಆಳು ಕಳಿಸ್ತಿದ್ರಲ್ಲ ಸ್ವಾಮಿ, ಯಾವ ತುದಿಯಿಂದ ಶುರು ಮಾಡಿಸ್ತಿದ್ರಿ?"

ಅವರು ಕನ್ನಡಕ ತೆಗೆದು ಒರೆಸಿದ್ರು. ಒರೆಸಿದ್ರು, ಮತ್ತೆ ಒರೆಸಿದ್ರು. "ಕೆಳಗೆ ಹಳ್ಳದ ಕಡೆಯಿಂದ" ಅಂದ್ರು. ಮೇಲಿಂದ ತೆಗೆದ್ರೆ ಕೆಳಗಿನ ಗಿಡದ ಬುಡ ಕೊಚ್ಚಿ ಹೋಗ್ತದೆ ಅಂತ ಅವರೇ ಹೇಳಿದ್ರು, ಮೆಲ್ಲಗೆ. ಇಂಜಿನಿಯರಮ್ಮ ಒಳ್ಳೆ ಹುಡುಗಿ, ಸಿಟ್ಟಾಗ್ಲಿಲ್ಲ. ಯಾವ ಕಡೆಯಿಂದ ಆದ್ರೂ ಉದ್ದ ಅಷ್ಟೇ ತಾನೆ, ಕೆಳಗಿಂದ ಶುರು ಮಾಡ್ಬಹುದು, ಮೇಲಿನವರು ಒಪ್ಪಿ ಸಹಿ ಹಾಕ್ಬೇಕು ಅಂದ್ರು. ಅಲ್ಲಿಗೆ ಮೇಲಿನ ಮನೆಯವರ ಗಲಾಟೆ ಶುರು. ಓಡಾಡಿದ್ದು ನಾವು, ಚರಂಡಿ ಅವರಿಗಾ? ನಮ್ಮ ಗೇಟಿನ ಮುಂದಿನ ಕೆಸರು ಯಾರು ಬಳೀತಾರೆ? ಅವರದ್ದೂ ತಪ್ಪಲ್ಲ ಬಿಡಿ. ಆವಾಗ, ಇಷ್ಟು ದಿನ ಗಂಟಲಲ್ಲಿ ಇಟ್ಕೊಂಡಿದ್ದು ಹೊರಗೆ ಬಂತು.

"ಕಣ ಹಾಕಿದವನು ನಾನು. ರಸ್ತೆಗೆ ನೀರು ಬಿಟ್ಟವನೂ ನಾನು. ಒಂದೊಂದು ಕಣದ ಅಂಚೂ ಒಂದಡಿ ಒಡೆದು, ಜಲ್ಲಿ ತುಂಬಿ, ನೀರು ಇಂಗೋ ಹಾಗೆ ಮಾಡಿಕೊಡ್ತೀನಿ. ಕೂಲಿ ಬೇಡ. ಮೇಲಿನ ಅರ್ಧ ಆಗೋ ತನಕ ಊರು ಬಿಡಲ್ಲ."

ಕೂಲಿ ಬೇಡ ಅಂದಿದ್ದಕ್ಕೆ ಯಾರೂ ನಗ್ಲಿಲ್ಲ, ಊರು ಬಿಡಲ್ಲ ಅಂದಿದ್ದಕ್ಕೆ ಬಿದ್ದು ಬಿದ್ದು ನಕ್ರು. ಇವನು ಶನಿವಾರದ ತನಕ ಇದ್ರೆ ನೋಡೋಣ ಅಂತ ಹಿಂದಿನಿಂದ ಯಾರೋ ಅಂದ್ರು. ಅಕ್ಕ ನನ್ನನ್ನೇ ನೋಡ್ತಿದ್ಳು. ಬೈತಾಳೆ ಅಂದ್ಕೊಂಡೆ. ಎದ್ದು, "ಇವನು ಓಡಿ ಹೋದ್ರೆ ನಾನು ಹಿಡ್ಕೊಂಡು ಬರ್ತೀನಿ, ಅದನ್ನೂ ಬರ್ಕೊಳ್ಳಿ" ಅಂದ್ಳು. ಮೊದಲ ಸಹಿ ಶೇಷಪ್ಪನೋರದ್ದೇ.

ಆ ಬೇಸಿಗೆ ಪೂರ್ತಿ, ಆಮೇಲೆ ಮೇಲಿನ ಅರ್ಧ ಮುಗಿಯೋ ತನಕನೂ, ನಾನು ಇಲ್ಲೇ ಇದ್ದೆ. ಬಣಕಲ್ ಬಸ್ಸಿನ ಹಾರ್ನ್ ಕೇಳಿದಾಗೆಲ್ಲ ಕಾಲು ತುರಿಸ್ತಿತ್ತು, ಸುಳ್ಳು ಯಾಕೆ ಹೇಳ್ಲಿ. ನಮ್ಮ ಮನೆ ಕೆಳಗಿನ ಹಳ್ಳದಿಂದ ಹಿತ್ತಲು ದಾಟಿ ಅರ್ಧ ಕೇರಿ ತನಕ ಚರಂಡಿ ಬಂತು. ಕಣ ಒಡೆಯೋಕೆ ಮೊದಲು ಶೇಷಪ್ಪನೋರ ಮನೆಗೇ ಹೋದೆ. ನನ್ನ ಕೈಯ ಸಿಮೆಂಟು ಬಾಳಾ ಗಟ್ಟಿ ಇತ್ತು, ನಂಗೇ ಬೈಕೊಂಡು ಹೊಡೆದೆ. ನೋಡ್ತಾ ನಿಂತಿದ್ದ ಶೇಷಪ್ಪನೋರು ಪಂಚೆ ಎತ್ತಿ ಕಟ್ಟಿ ತಾವೇ ಒಂದು ಹಾರೆ ತಂದ್ರು. ಮೂರನೇ ಮನೆಗೆ ಹೋಗೋ ಹೊತ್ತಿಗೆ ನಾವು ಆರು ಜನ. ಯುಗಾದಿ ಬಂತು, ಹೋಯ್ತು. ಅಕ್ಕ ಗಂಟು ಕಟ್ಲಿಲ್ಲ, ಒಂದು ಮಳೆ ನೋಡ್ತೀನಿ ಅಂದ್ಳು. ನೋಡಿದ್ಳು. ಆಷಾಢದಲ್ಲಿ ಮೂರು ದಿನ ಬಿಡದೆ ಹುಯ್ದಾಗ ಹಿತ್ತಲ ಬಾಗಿಲು ತೆಗೆದು ನಿಂತ್ಳು, ಕಾಲಡಿ ಕಲ್ಲು ಒಣಗೇ ಇತ್ತು. ಮೂಡಿಗೆರೆಗೆ ಫೋನ್ ಮಾಡಿ ರೂಮು ಬೇಡ ಅಂದ್ಳು. ಅವತ್ತು ನನ್ನ ತಟ್ಟೆಗೆ ಎರಡು ಅಕ್ಕಿರೊಟ್ಟಿ ಜಾಸ್ತಿ ಹಾಕಿದ್ಳು.

ಅದಕ್ಕೇ ಹೇಳೋದು, ಕೆಲಸ ಕೆಡಿಸಿದ್ದು ನಿಮ್ಮ ಕೈಯೇ ಆಗಿದ್ರೆ ಬೇರೆಯವರು ಕಂಡು ಹಿಡಿಯೋ ಮುಂಚೆ ನೀವೇ ಹೇಳ್ಬಿಡಿ. ಒಬ್ಬರಾದ್ರೂ ಹಾರೆ ತಗೊಂಡು ಬರ್ತಾರೆ.