ಕಾಗವಾಡಕ್ಕೆ ಬಾರದ ಬ್ಯಾಂಡು
ತೊಂಬತ್ತೈದರ ಚಳಿಗಾಲ. ಕಾಗವಾಡದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಗೆಳೆಯರು ಕೂತಿದ್ದರು. ಮುಂಬಯಿಗೆ ಹೊರಟವನು ಲಗಮಣ್ಣ, ಕಳಿಸಲು ಬಂದವನು ಧನಪಾಲ. ಮೊದಲು ಕೇಳಿದ್ದು ಲಗಮಣ್ಣ.

“ಈ ರಾಕ್ ಬ್ಯಾಂಡಿನವರು ಯಾವಾಗ್ಲೂ ಮುಂಬಯಿಗೇ ಯಾಕ ಬರ್ತಾರಲೇ?”

“ಅಲ್ಲಿ ಕೇಳೋ ಮಂದಿ ಅದಾರ.”

“ಶಿಲ್ಲಾಂಗ್ ಏನ್ ದೊಡ್ಡ ಊರಾ? ಅಲ್ಲಿಗೂ ಹೋಗ್ತಾರ.”

“ಅಲ್ಲಿ ಮನಿಗೊಂದು ಗಿಟಾರ್ ಐತಂತ. ನಮ್ಮಲ್ಲಿ ಮನಿಗೊಂದು ಪಂಪಸೆಟ್.”

“ಮಿರಜದಾಗ ಸಿತಾರ ಮಾಡ್ತಾರಲಾ, ಅಲ್ಲಿಗರೆ ಬರಬಾರದಾ?”

“ಬಂದ್ರ ಕೇಳೋರ ಯಾರು? ನಾವಿಬ್ಬರು.”

“ನಾಳಿನ ಮುಂಬಯಿ ಶೋಕ್ಕ ನಾ ಒಬ್ಬನ. ಒಂದಿನ ತೋಟ ಬಿಟ್ಟ ಬಾರಲೇ, ಧನಪಾಲ.”

“ದ್ರಾಕ್ಷಿ ಗೊನಿ ಔಷಧದಾಗ ಅದ್ದೂದು ನಾಳೆ ತಪ್ಪಿದ್ರ ಕಾಳ ದಪ್ಪ ಆಗಂಗಿಲ್ಲ. ಅಪ್ಪ ಬಿಡಂಗಿಲ್ಲೋ.”

ಮುಂಬಯಿ ರೈಲು ಹಿಡಿಯಲು ಹತ್ತಬೇಕಾದ ಮಿರಜದ ಬಸ್ಸು ಬಂತು. ಧನಪಾಲ ಗೆಳೆಯನ ಚೀಲದೊಳಗೆ ಸಣ್ಣದೊಂದು ಟೇಪ್ ರೆಕಾರ್ಡರ್ ಇಟ್ಟ.

“ಶೋ ತುಂಬಿಕೊಂಡ ಬಾ.”

“ಇದರಾಗ ಹಾಡ ಎಲ್ಲಿ ಕೇಳಸ್ತೈತಿ? ಬರೇ ಮಂದಿ ಗದ್ದಲ ಬರ್ತೈತಿ.”

“ಹಾಡಿನ ಕ್ಯಾಸೆಟ್ ನನ್ನ ಕಡೆ ಅದಾವಲೇ. ನನಗ ಆ ಮಂದಿ ಗದ್ದಲನ ಬೇಕು.”

ಲಗಮಣ್ಣ ಬಸ್ಸು ಹತ್ತಿದ. ಧನಪಾಲ ತೋಟದ ಕಡೆ ಸೈಕಲ್ ತಿರುಗಿಸಿದ.