ಕೆಂಪಗಿದ್ದ ಆಯಿಲ್

ಸ್ಕೂಟರ್ ರಿಪೇರಿಗೆ ಬಿಟ್ಟು ಗ್ಯಾರೇಜಿನ ಬೆಂಚಿನ ಮೇಲೆ ಕುಳಿತಿದ್ದ ದರ್ಜಿಗೆ ಪಕ್ಕದ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಮೆಕ್ಯಾನಿಕ್ ಆಟೋಮ್ಯಾಟಿಕ್ ಕಾರೊಂದರ ಗೇರ್‌ಬಾಕ್ಸಿನ ತಳದ ತಟ್ಟೆ ಬಿಚ್ಚಿದ್ದ.

"ಆಯಿಲ್ ಕೆಂಪಗೆ ಚೆನ್ನಾಗೇ ಇದೆಯಲ್ಲ?" ಎಂದಳು ಕಾರಿನವಳು.

"ಅದೇ ಅನುಮಾನ ಅಕ್ಕಾ. ಇಷ್ಟು ಓಡಿದ ಗಾಡೀಲಿ ಇಷ್ಟು ಹೊಸ ಆಯಿಲ್?"

"ಮಾರೋ ಮುಂಚೆ ಅಣ್ಣ ಹಾಕಿಸಿರ್ತಾನೆ. ತಂಗಿಗೆ ಅಂತ."

"ತಟ್ಟೆಯೊಳಗಿನ ಆಯಸ್ಕಾಂತ ನೋಡಿ. ಎಷ್ಟು ಕಬ್ಬಿಣದ ಚೂರು! ಗೇರ್ ಸವೆದು ಹೋಗಿದೆ. ಹಳೇ ಆಯಿಲ್ ಸುಟ್ಟು ಕಪ್ಪಗಿದ್ದಿರುತ್ತೆ, ಅದನ್ನ ತೆಗೆದು ಇದನ್ನ ಸುರಿದಿದ್ದಾರೆ. ಮೇಲೆ ಥಳುಕು, ಒಳಗೆ ಹುಳುಕು."

"ಏನ್ರೀ ಹೇಳ್ತಿದ್ದೀರಾ? ಒಡಹುಟ್ಟಿದವನು ಅವನು!"

"ತಗೊಳ್ಳೋ ಮುಂಚೆ ಯಾರಿಗಾದ್ರೂ ತೋರಿಸಿದ್ರಾ?"

ಅವಳು ತಟ್ಟೆಯಿಂದ ಆಯಸ್ಕಾಂತ ಎತ್ತಿಕೊಂಡಳು.

"ತೋರಿಸ್ತೀನಿ ಅಂದೆ. 'ನನ್ನ ಮೇಲೆ ನಂಬಿಕೆ ಇಲ್ವೇನೇ' ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ."

"ಅಯ್ಯೋ."

"ನಾಳೆಯಿಂದ ಇದನ್ನೇ ಟ್ಯಾಕ್ಸಿ ಮಾಡಿ ಓಡಿಸ್ಬೇಕು ಅಂತ ಕೈಲಿದ್ದ ಕೆಲಸ ಬಿಟ್ಟಿದ್ದೀನಿ ಕಣ್ರೀ."

"ನಾಳೆ ಇದು ಬೀದಿ ಕೊನೆ ಮುಟ್ಟಿದ್ರೆ ಹೆಚ್ಚು."

ಅವಳು ಆಯಸ್ಕಾಂತವನ್ನು ಹಾಗೇ ಮುಷ್ಟಿಯಲ್ಲಿ ಹಿಡಿದಳು. ಬೆರಳ ಸಂದಿಯಲ್ಲಿ ಆಯಿಲ್ ಇಳಿಯಿತು.

"ಎಲ್ಲಿಗೆ ಹೊರಟ್ರಿ ಅಕ್ಕಾ?"

"ಅಣ್ಣನ ಹತ್ರ."

"ದೂರಾನಾ? ಗಾಡಿಯಂತೂ ಕೊಡೋಕಾಗಲ್ಲ."

"ದೂರ ಏನಿಲ್ಲ. ಒಂದೇ ಮನೆ. ನಾನು ಮಹಡಿ ಮೇಲೆ, ಅವನು ಕೆಳಗೆ," ಎಂದು ಅವಳು ರಸ್ತೆಗಿಳಿದಳು.